ಅಣ್ಣನ ಬೆರಳಿಗೆ ಹೊಂದಿಸಿದ ಕೀಲಿಗಳು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕೀಲಿಯಮ್ಮ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಪಕ್ಕದ ಮೇಜಿನ ಒಬ್ಬ ಕೀಟಲೆಗಾರ. ಆಗ ಅವಳಿಗೆ ಅಮ್ಮ ಎನಿಸಿಕೊಳ್ಳುವ ವಯಸ್ಸೂ ಆಗಿರಲಿಲ್ಲ, ಮಕ್ಕಳೂ ಇರಲಿಲ್ಲ. ಆದರೂ ಹೆಸರು ಅಂಟಿಕೊಂಡಿತು. ಕೊನೆಗೆ ಬಾಗಿಲು ಕಾಯುವವರೂ ಹಾಗೇ ಕರೆಯತೊಡಗಿದಾಗ ಅವಳು ಮುನಿಸಿಕೊಳ್ಳುವುದನ್ನು ಬಿಟ್ಟಳು.

ಸಿನಿಮಾ ಓಡುವಾಗ ಪರದೆಯ ಕೆಳಗೆ ಬೇರೆ ಭಾಷೆಯಲ್ಲಿ ಮಾತುಗಳು ಮೂಡುತ್ತವಲ್ಲ, ಆ ಸಾಲುಗಳನ್ನು ಬರೆಯುವವರಿಗಾಗಿ ಅವಳ ಕಂಪನಿ ಒಂದು ಸಾಫ್ಟ್‌ವೇರ್ ಮಾಡಿ ಮಾರುತ್ತಿತ್ತು. ಬರೆಯುವವರ ಪಾಡು ಸುಲಭದ್ದಲ್ಲ. ಚಿತ್ರವನ್ನು ನಿಲ್ಲಿಸಬೇಕು, ಒಂದಿಷ್ಟು ಹಿಂದಕ್ಕೆ ಓಡಿಸಬೇಕು, ಮತ್ತೆ ಕೇಳಬೇಕು, ಉದ್ದದ ಸಾಲನ್ನು ಎರಡಾಗಿ ಒಡೆಯಬೇಕು, ತುಟಿ ಅಲ್ಲಾಡುವುದಕ್ಕೂ ಸಾಲು ಮೂಡುವುದಕ್ಕೂ ತಾಳೆ ಹಾಕಬೇಕು. ಪ್ರತಿಯೊಂದಕ್ಕೂ ಕೈ ಎತ್ತಿ ಮೌಸ್ ಹಿಡಿಯುತ್ತ ಕೂತರೆ ದಿನ ಮುಗಿಯುತ್ತದೆ, ಕೆಲಸ ಮುಗಿಯುವುದಿಲ್ಲ. ಅದಕ್ಕೇ ಕೀಬೋರ್ಡಿನಲ್ಲಿ ಶಾರ್ಟ್‌ಕಟ್‌ಗಳು. ಈ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಚಿತ್ರ ನಿಲ್ಲುತ್ತದೆ, ಆ ಎರಡು ಒತ್ತಿದರೆ ಸಾಲು ಒಡೆಯುತ್ತದೆ. ಯಾವ ಕೆಲಸಕ್ಕೆ ಯಾವ ಕೀಲಿ ಎಂದು ಗೊತ್ತುಮಾಡುವುದೇ ಕೀಲಿಯಮ್ಮನ ಕೆಲಸ.

ಶಾರ್ಟ್‌ಕಟ್ ಅಂತ ಹೆಸರು, ನಡೆಯುವುದೆಲ್ಲ ಸುತ್ತುದಾರಿ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು. ಸಾಫ್ಟ್‌ವೇರನ್ನು ಹತ್ತಾರು ಭಾಷೆಯವರು ಬಳಸುತ್ತಿದ್ದರು, ಒಬ್ಬೊಬ್ಬರ ಕೀಬೋರ್ಡೂ ಒಂದೊಂದು ತೆರ. ಒಂದು ಭಾಷೆಯಲ್ಲಿ ಕೈಯಳತೆಯಲ್ಲಿರುವ ಕೀಲಿ ಇನ್ನೊಂದರಲ್ಲಿ ಮೂಲೆಗೆ ಹೋಗಿ ಕೂತಿರುತ್ತದೆ. ಕೆಲವರು ಎಂಟರ್ ಒತ್ತುವುದು ಸಾಲು ಮುಗಿಸಲಿಕ್ಕಲ್ಲ, ಪರದೆ ತೋರಿಸಿದ ನಾಲ್ಕಾರು ಪದಗಳಲ್ಲಿ ಒಂದನ್ನು ಆರಿಸಲಿಕ್ಕೆ. ಒಬ್ಬರಿಗೆ ಅನುಕೂಲ ಮಾಡಿಕೊಟ್ಟರೆ ಇನ್ನೊಬ್ಬರ ಬೆರಳಿಗೆ ಅಡ್ಡಗಾಲು.

ಈ ಪಾಠವನ್ನು ಅವಳಿಗೆ ಮೊದಲು ಕಲಿಸಿದವನು ಅಣ್ಣ. ಅಣ್ಣ ಅನುವಾದಕ. ಉಳಿದವರಿಗೆ ನೆಗಡಿ ಅಂಟುವಷ್ಟು ಸಲೀಸಾಗಿ ಅವನಿಗೆ ಭಾಷೆಗಳು ಅಂಟುತ್ತಿದ್ದವು. ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಲೇ ಅಂಗಡಿಯವನ ಭಾಷೆಯಲ್ಲಿ ಎರಡು ಬೈಗುಳ ಕಲಿತು ಬರುವ ಆಸಾಮಿ. ತಂಗಿಯ ಕಂಪನಿಯ ಸಾಫ್ಟ್‌ವೇರಿನಲ್ಲೇ ಸಿನಿಮಾಗಳಿಗೆ ಸಾಲು ಬರೆದು ಬದುಕುತ್ತಿದ್ದ. ಅವನು ಒಂದು ದಿನ ಫೋನ್ ಮಾಡಿ, ನಿನ್ನ ಸಾಫ್ಟ್‌ವೇರು ನನ್ನ ಅಕ್ಷರ ತಿನ್ನುತ್ತಿದೆ, ಅದಕ್ಕೆ ನೀವು ಹೊಟ್ಟೆಗೇನೂ ಹಾಕುವುದಿಲ್ಲವೇ ಎಂದು ಕೇಳಿದ. ಹೋಗಿ ನೋಡಿದರೆ ಮಾತು ನಿಜ. ಅವನು ಬರೆಯುತ್ತಿದ್ದ ಭಾಷೆಯಲ್ಲಿ ಒಂದು ಅಕ್ಷರ ಮೂಡಬೇಕಾದರೆ ಬಲಗಡೆಯ ಆಲ್ಟ್ ಜೊತೆಗೆ ಇನ್ನೊಂದು ಕೀಲಿ ಒತ್ತಬೇಕು. ಅದೇ ಜೋಡಿಯನ್ನು ಅವಳು ಸಾಲು ಒಡೆಯುವುದಕ್ಕೆ ಇಟ್ಟಿದ್ದಳು. ಆ ಅಕ್ಷರ ಬಂದಾಗಲೆಲ್ಲ ನಾಯಕಿಯ ಮಾತು ಎರಡು ತುಂಡಾಗುತ್ತಿತ್ತು.

ಎಲ್ಲ ಭಾಷೆಗೂ ಹೊಂದುವ ಒಂದೇ ಒಂದು ಏರ್ಪಾಡು ಸಾಧ್ಯವಿಲ್ಲ ಎನ್ನುವುದು ಅವಳಿಗೆ ಅಂದು ಮನದಟ್ಟಾಯಿತು. ಕೀಲಿಗಳನ್ನು ಬಳಸುವವರೇ ತಮಗೆ ಬೇಕಾದ ಹಾಗೆ ಬದಲಿಸಿಕೊಳ್ಳುವಂತಿರಬೇಕು ಎಂದು ಪಟ್ಟು ಹಿಡಿದಳು. ಸಭೆಯ ಮೇಲೆ ಸಭೆ ನಡೆಯಿತು. ಇವಳ ಕಾಟ ತಾಳಲಾರದೆಯೋ ಏನೋ, ಕೊನೆಗೆ ಒಪ್ಪಿಗೆ ಸಿಕ್ಕಿತು. ಅವಳು ಮಾಡಿದ್ದು ಪರದೆಯ ಮೇಲೆ ತೆರೆದುಕೊಳ್ಳುವ ಒಂದು ಪುಟ್ಟ ಚೌಕ. ಕೆಲಸದ ಹೆಸರು ಆರಿಸಿ ನಿಮಗೆ ಬೇಕಾದ ಕೀಲಿ ಒತ್ತಿದರಾಯಿತು, ಅದು ನೆನಪಿಟ್ಟುಕೊಳ್ಳುತ್ತಿತ್ತು. ಆ ಕೀಲಿ ನಿಮ್ಮ ಭಾಷೆಯ ಯಾವುದಾದರೂ ಅಕ್ಷರಕ್ಕೆ ಬೇಕಾಗಿದ್ದರೆ ಮೊದಲೇ ಎಚ್ಚರಿಸುತ್ತಿತ್ತು. ನೋಡಿದವರು ಇಷ್ಟೇನಾ ಎನ್ನುವಂಥದ್ದು. ಆದರೆ ಅವಳ ಮಟ್ಟಿಗೆ ಅದು ಜನ್ಮದಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸ.

ಅವಳ ಗಂಡ ಸರಕು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು, ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ. ಹಾಗಾಗಿ ಕಚೇರಿ ಬಿಟ್ಟ ಮೇಲೆ ಎರಡು ಬೀದಿ ಆಚೆಗಿದ್ದ ಅಣ್ಣನ ಮನೆಗೆ ಹೋಗಿ, ಅಲ್ಲೇ ಊಟ ಮುಗಿಸಿ ತನ್ನ ಮನೆ ಸೇರುವುದು ಅವಳಿಗೆ ರೂಢಿಯಾಗಿತ್ತು. ಅತ್ತಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳು. ಕೂದಲೆಳೆಯಷ್ಟು ವ್ಯತ್ಯಾಸವೂ ಅವಳ ಕಣ್ಣು ತಪ್ಪಿಸುತ್ತಿರಲಿಲ್ಲ. ಅಣ್ಣನ ಕೈಯಲ್ಲಿ ಏನೋ ಆಗಿದೆ ಎಂದು ಮೊದಲು ಕಂಡಿದ್ದೂ ಅವಳಿಗೇ. ಗಂಡ ಅಂಗಿಯ ಗುಂಡಿ ಹಾಕಿಕೊಳ್ಳಲು ಹೊತ್ತು ಹಿಡಿಯುತ್ತಿದ್ದಾನೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಾನೆ ಎಂದು ಅವಳು ನಾದಿನಿಯ ಕಿವಿಗೆ ಹಾಕಿದಳು. ಕೇಳಿದರೆ ಅಣ್ಣ, ವಯಸ್ಸಾಯಿತಲ್ಲ ಎಂದು ಮಾತು ಹಾರಿಸಿದ.

ವಯಸ್ಸಿನದಲ್ಲ. ನರದ ಕಾಯಿಲೆ. ಮೊದಲು ಬಲಗೈ, ಆಮೇಲೆ ಎಡಗೈ, ಒಂದೊಂದೇ ಬೆರಳು ಸೋಲುತ್ತ ಹೋಗುತ್ತದೆ. ಔಷಧಿಯಿಂದ ಅದರ ವೇಗ ತಗ್ಗಿಸಬಹುದೇ ಹೊರತು ನಿಲ್ಲಿಸಲಾಗದು ಎಂದು ಡಾಕ್ಟರ್ ಒಂದೂ ಮಾತು ಮುಚ್ಚಿಡದೆ ಹೇಳಿದರು. ಮೂವರೂ ಆಸ್ಪತ್ರೆಯ ಮೆಟ್ಟಿಲು ಇಳಿದರು. ಕೆಳಗೆ ಬಂದ ಮೇಲೆ ಅಣ್ಣನೇ ಮಾತು ತೆಗೆದ.

"ಇಷ್ಟು ವರ್ಷ ಯಾರ್ಯಾರೋ ಕೈಕೊಟ್ಟಿದ್ದು ನೋಡಿದೀನಿ. ಈಗ ಕೈಯೇ ಕೈಕೊಡ್ತಾ ಇದೆ."

ಅತ್ತಿಗೆ ನಗಲಿಲ್ಲ. ಬಸ್ಸಿನ ದಿಕ್ಕು ನೋಡುತ್ತ ಮುಂದೆ ಮುಂದೆ ನಡೆದಳು.

ಆ ವಾರವೇ ಕೀಲಿಯಮ್ಮ ಅಣ್ಣನ ಮೇಜಿನ ಮುಂದೆ ಕೂತಳು. ಅವನ ಬಲಗೈಯ ಕಿರುಬೆರಳು ಆಗಲೇ ಸೋತಿತ್ತು. ಅದು ಮಾಡುತ್ತಿದ್ದ ಕೆಲಸಗಳನ್ನೆಲ್ಲ ಎಡಗಡೆಗೆ ಸರಿಸಿದಳು. ಎರಡೆರಡು ಕೀಲಿ ಒಟ್ಟಿಗೆ ಒತ್ತಬೇಕಾದ ಕಡೆ ಒಂದಾದ ಮೇಲೆ ಒಂದು ಒತ್ತಿದರೆ ಸಾಕು ಎನ್ನುವ ಹಾಗೆ ಮಾಡಿದಳು. ಪದೇ ಪದೇ ಬೇಕಾಗುವ ಕೆಲಸಗಳನ್ನು ಹೆಬ್ಬೆರಳಿನ ಅಡಿಗೆ ತಂದಳು. ಅಣ್ಣ ಮೂರು ಭಾಷೆಗಳಲ್ಲಿ ಬರೆಯುತ್ತಿದ್ದನಾದ್ದರಿಂದ ಮೂರಕ್ಕೂ ಬೇರೆಬೇರೆ ಏರ್ಪಾಡು. ಅವನು ಕೆಲಸ ಮಾಡಿ ನೋಡಿದ. ಮೊದಲಿನಷ್ಟೇ ಸಲೀಸಾಗಿ ಸಾಲುಗಳು ಇಳಿದವು. ಆ ಸಂಜೆ ಅತ್ತಿಗೆಯೂ ಎರಡು ತುತ್ತು ಹೆಚ್ಚಿಗೆ ಉಂಡಳು.

ಅಣ್ಣ ಇದಕ್ಕೆ ವರ್ಗಾವಣೆ ಎಂದು ಹೆಸರಿಟ್ಟ. ಉಂಗುರದ ಬೆರಳು ಸೋತಾಗ, ಕಿರುಬೆರಳು ನಿವೃತ್ತಿಯಾಗಿತ್ತು, ಈಗ ಉಂಗುರದ ಬೆರಳು ದೀರ್ಘ ರಜೆಯಲ್ಲಿದೆ, ತೋರುಬೆರಳಿಗೆ ಹೆಚ್ಚುವರಿ ಹೊಣೆ ವಹಿಸಿ ಆದೇಶ ಹೊರಡಿಸು ತಾಯಿ ಎಂದು ತಂಗಿಗೆ ಫೋನ್ ಮಾಡಿದ. ಅವಳು ಹೋಗಿ ಮತ್ತೆ ಬದಲಿಸಿದಳು. ತಿಂಗಳುಗಳು ಹೀಗೇ ಕಳೆದವು. ಮೊದಮೊದಲು ಒಂದು ಏರ್ಪಾಡು ಬಹಳ ದಿನ ಬಾಳುತ್ತಿತ್ತು. ಬರಬರುತ್ತ ಅವಳು ಮಾಡಿ ಮುಗಿಸುವುದರೊಳಗೆ ಇನ್ನೊಂದು ಬೆರಳು ಬಗ್ಗಲೊಲ್ಲದು. ಹೋಗುತ್ತಿರುವ ರೈಲಿನ ಹಿಂದೆ ಪೆಟ್ಟಿಗೆ ಹಿಡಿದು ಓಡಿದ ಹಾಗಾಗುತ್ತಿತ್ತು. ಆದರೂ ಓಡುವುದು ನಿಲ್ಲಿಸುವ ಹಾಗಿರಲಿಲ್ಲ. ಅಣ್ಣನ ಕೆಲಸ ನಡೆಯುತ್ತಿತ್ತು, ಅವನು ಜೋಕು ಮಾಡುತ್ತಿದ್ದ. ಇವೆರಡೂ ನಡೆಯುವವರೆಗೆ ಮನೆಯೂ ನಡೆಯುತ್ತದೆ ಎಂದು ಅವಳ ಲೆಕ್ಕ.

ಅಷ್ಟರಲ್ಲಿ ಕಚೇರಿಯಲ್ಲಿ ಒಂದು ಎಡವಟ್ಟಾಯಿತು. ಇವರ ಸಾಫ್ಟ್‌ವೇರನ್ನು ಒಂದು ದೊಡ್ಡ ಟಿವಿ ವಾಹಿನಿ ನೇರಪ್ರಸಾರಕ್ಕೆ ಬಳಸುತ್ತಿತ್ತು. ಅಲ್ಲಿ ಒಂದೇ ಯಂತ್ರದ ಮುಂದೆ ಪಾಳಿಯ ಮೇಲೆ ಜನ ಬದಲಾಗುತ್ತಾರೆ. ಬೆಳಗಿನವರು ತಮಗೆ ಬೇಕಾದಂತೆ ಕೀಲಿ ಬದಲಿಸಿಕೊಂಡು, ಹಾಗೇ ಬಿಟ್ಟು ಮನೆಗೆ ಹೋಗಿದ್ದರು. ಮಧ್ಯಾಹ್ನ ಬಂದವರು ಮುಂದಿನ ಸಾಲಿಗೆ ಹೋಗೋಣ ಎಂದು ಒತ್ತಿದ್ದು ಅಳಿಸುವ ಕೀಲಿಯಾಗಿತ್ತು. ಯಾರೋ ದೊಡ್ಡ ಮನುಷ್ಯರ ಭಾಷಣ ಟಿವಿಯಲ್ಲಿ ಓಡುತ್ತಿರುವಾಗ ಕೆಳಗಿನ ಸಾಲುಗಳೆಲ್ಲ ಮಾಯ. ವಾಹಿನಿಯವರು ಕೆಂಡಾಮಂಡಲವಾದರು. ಇದಲ್ಲದೆ ಸಹಾಯವಾಣಿಯವರದೂ ಹಳೆಯ ದೂರು ಇತ್ತು. ಯಾವ ಭಾಷೆಯವರು ಯಾವ ಕೀಲಿ ಎಲ್ಲಿಟ್ಟುಕೊಂಡಿದ್ದಾರೋ ತಿಳಿಯದೆ ನಾವು ಫೋನಿನಲ್ಲಿ ಏನಂತ ಹೇಳಿಕೊಡೋಣ ಎಂದು ಅವರು ತಲೆ ಚಚ್ಚಿಕೊಳ್ಳುತ್ತಿದ್ದರು.

ಮ್ಯಾನೇಜರ್ ಕೆಟ್ಟ ಮನುಷ್ಯನಲ್ಲ. ಅವಳನ್ನು ತನ್ನ ಕೋಣೆಗೆ ಕರೆದು, ಕೂರಿಸಿ, ಮೆಲ್ಲಗೆ ವಿಷಯ ತಿಳಿಸಿದ. ಮುಂದಿನ ಆವೃತ್ತಿಯಲ್ಲಿ ಕೀಲಿ ಬದಲಿಸುವ ಚೌಕ ಇರುವುದಿಲ್ಲ. ಭಾಷೆಗೊಂದರಂತೆ ಗಟ್ಟಿಯಾಗಿ ಕೂರಿಸಿದ ಏರ್ಪಾಡು, ಯಾರೂ ಅಲ್ಲಾಡಿಸುವ ಹಾಗಿಲ್ಲ.

ಅವಳು ವಾದಿಸಿದಳು. ಪಾಳಿ ಮುಗಿದ ಮೇಲೆ ಏರ್ಪಾಡು ತಾನಾಗಿ ಮೊದಲಿನಂತಾಗುವ ಹಾಗೆ ಮಾಡಬಹುದು, ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಇಡಬಹುದು ಎಂದಳು. ಅದಕ್ಕೆಲ್ಲ ಈಗ ಸಮಯವಿಲ್ಲ, ವಾಹಿನಿ ಕೈಬಿಟ್ಟರೆ ಇಲ್ಲಿ ಅರ್ಧ ಜನ ಮನೆಗೆ ಹೋಗಬೇಕಾಗುತ್ತದೆ ಎಂದು ಅವನೂ ಇದ್ದದ್ದನ್ನೇ ಹೇಳಿದ. ಕೊನೆಗೆ ಅವಳು ಹೇಳಬಾರದೆಂದುಕೊಂಡಿದ್ದನ್ನೂ ಹೇಳಿದಳು.

"ಸರ್, ಕೈ ಸರಿಯಿಲ್ಲದವರು ಇರ್ತಾರೆ. ಅವರಿಗೆ ಬೇರೆ ದಾರಿನೇ ಇಲ್ಲ. ನಮ್ಮಣ್ಣನೇ ಒಬ್ಬರು."

ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ಗೊತ್ತಾಗುತ್ತೆ. ಆದ್ರೆ ಒಬ್ಬರಿಗೋಸ್ಕರ ನಾನು ಮೇಲಿನವರ ಹತ್ರ ಏನಂತ ಹೇಳಲಿ? ಆ ಚೌಕ ಬಳಸೋವ್ರು ನೂರಕ್ಕೆ ಒಬ್ಬರೂ ಇಲ್ಲ. ಇನ್ನೊಂದು ಮಾತು, ಹೊಸ ಏರ್ಪಾಡನ್ನ ನೀವೇ ಮಾಡ್ಬೇಕು. ಬೇರೆಯವರು ಮಾಡಿದ್ರೆ ಇನ್ನೂ ಕೆಡುತ್ತೆ."

ಆ ಕೊನೆಯ ಮಾತೇ ಅವಳನ್ನು ಕಟ್ಟಿಹಾಕಿತು. ಒಲ್ಲೆ ಎಂದು ಎದ್ದು ಬಂದರೆ ಕೆಲಸ ಗೊತ್ತಿಲ್ಲದವರ ಕೈಗೆ ಹೋಗುತ್ತದೆ, ಮತ್ತೆ ಯಾರದೋ ಅಕ್ಷರ ನುಂಗಿಹೋಗುತ್ತದೆ. ಒಪ್ಪಿಕೊಂಡಳು. ಗಟ್ಟಿ ಏರ್ಪಾಡಿನೊಳಗೇ ಒಂದು ಕೈಯವರಿಗೂ ಅನುಕೂಲವಾಗುವ ದಾರಿ ಹುಡುಕಬಹುದು ಎಂಬ ಒಂದು ಚೂರು ಆಸೆಯೂ ಇತ್ತು. ವಾರಗಟ್ಟಲೆ ಹೆಣಗಿದಳು. ಕೆಲಸಗಳನ್ನು ಎಡಗಡೆಯ ಕೀಲಿಗಳಿಗೆ ತರೋಣವೆಂದರೆ ಅಣ್ಣನ ಎರಡನೆಯ ಭಾಷೆಯಲ್ಲಿ ಅವೆಲ್ಲ ಅಕ್ಷರಗಳಿಗೆ ಹಂಚಿಹೋಗಿದ್ದವು. ಒಂಟಿ ಕೀಲಿಗಳನ್ನು ಮೀಸಲಿಡೋಣವೆಂದರೆ ಮೂರನೆಯ ಭಾಷೆಯವರು ಪದ ಆರಿಸಲಾಗದೆ ಒದ್ದಾಡುತ್ತಾರೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುವ ಹೊದಿಕೆ. ಎಲ್ಲರಿಗೂ ಎಂದು ಮಾಡಿದ್ದು ಎರಡೂ ಕೈ ಗಟ್ಟಿಯಿದ್ದವರಿಗಷ್ಟೇ ಆಗಿ ಬರುತ್ತಿತ್ತು. ಕಡೆಗೆ ಅವಳು ಒಪ್ಪಿಸಿದ ಏರ್ಪಾಡನ್ನು ಕಚೇರಿಯಲ್ಲಿ ಎಲ್ಲರೂ ಹೊಗಳಿದರು. ಇಷ್ಟು ಅಚ್ಚುಕಟ್ಟಾಗಿ ನೀವು ಈವರೆಗೆ ಮಾಡಿರಲಿಲ್ಲ ಎಂದು ಮ್ಯಾನೇಜರ್ ಹೇಳಿದ. ಅದು ನಿಜವೂ ಆಗಿತ್ತು. ಅವಳು ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟು, ಬಹಳ ಹೊತ್ತು ಸುಮ್ಮನೆ ನಿಂತಿದ್ದಳು.

ಅಣ್ಣನಿಗೆ ಹೇಳುವುದಕ್ಕೆ ಬಾಯಿ ಬರಲಿಲ್ಲ. ಹೊಸ ಆವೃತ್ತಿ ಹಾಕಿಕೊಳ್ಳಬೇಡ, ಅದರಲ್ಲಿ ತೊಂದರೆಗಳಿವೆ ಎಂದಷ್ಟೇ ಹೇಳಿದಳು. ಅವನು ಹಳೆಯದರಲ್ಲೇ ಮುಂದುವರಿದ. ಅಷ್ಟು ಹೊತ್ತಿಗೆ ಬಲಗೈ ಪೂರ್ತಿ ಮಡಿಲಲ್ಲಿ ಬಿದ್ದಿರುತ್ತಿತ್ತು. ಎಡಗೈಯಲ್ಲಿ ತೋರುಬೆರಳು, ಹೆಬ್ಬೆರಳು ಎರಡೇ ಹೇಳಿದ ಮಾತು ಕೇಳುತ್ತಿದ್ದವು. ಒಂದು ಸಿನಿಮಾಕ್ಕೆ ಮೊದಲಿನ ನಾಲ್ಕರಷ್ಟು ದಿನ ಹಿಡಿಯುತ್ತಿತ್ತು. ಆದರೂ ನಿಂತಿರಲಿಲ್ಲ.

ಆಗ ಅವನ ಕೈಯಲ್ಲಿದ್ದದ್ದು ಒಬ್ಬ ದೋಣಿ ಕಟ್ಟುವವನ ಕುರಿತ ಸಿನಿಮಾ. ಅರ್ಧ ಮುಗಿದಿತ್ತು. ಉಳಿದರ್ಧದ ಚಿತ್ರವನ್ನು ಕೆಲಸ ಕೊಟ್ಟವರು ಕಳಿಸಿದರು, ಅದು ತೆರೆಯಲಿಲ್ಲ. ಹೊಸ ಆವೃತ್ತಿಯಲ್ಲಿ ಕಟ್ಟಿ ಕಳಿಸಿದ ಕಡತ, ಹಳೆಯದು ಅದನ್ನು ಗುರುತಿಸುವುದೇ ಇಲ್ಲ. ಅಣ್ಣ ತಾನೇ ಹೊಸದನ್ನು ಹಾಕಿಸಿಕೊಂಡು, ಕೀಲಿ ಬದಲಿಸುವ ಚೌಕವನ್ನು ಎಲ್ಲ ಕಡೆ ಹುಡುಕಿದ. ಸಂಜೆ ತಂಗಿ ಬಂದಾಗ ಪರದೆಯ ಮುಂದೆ ಹಾಗೇ ಕೂತಿದ್ದ.

"ಎಲ್ಲಿಟ್ಟಿದೀರೇ ಅದನ್ನ? ನನಗೆ ಕಾಣಿಸ್ತಾ ಇಲ್ಲ."

"ತೆಗೆದುಬಿಟ್ರು ಅಣ್ಣ."

"ಯಾರು?"

ಅವಳು, "ಏರ್ಪಾಡು ನಾನೇ ಮಾಡಿದ್ದು" ಎಂದಳು. ನಡೆದದ್ದನ್ನೆಲ್ಲ ಹೇಳಿದಳು, ವಾದಿಸಿದ್ದನ್ನು ಮಾತ್ರ ಬಿಟ್ಟು. ಗೆಲ್ಲದ ವಾದವನ್ನು ಹೇಳಿಕೊಂಡು ಏನು ಬಂತು ಎನಿಸಿತು. ಅಣ್ಣ ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಪರದೆಯನ್ನೇ ನೋಡುತ್ತ, ಕೀಲಿಗಳು ನೋಡೋಕೆ ಚೆನ್ನಾಗಿಯೇ ಕೂತಿವೆ, ಎರಡು ಕೈ ಇದ್ದವರ ಪುಣ್ಯ ಎಂದ. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಕೆಲಸ ಬಲ್ಲವನು ಕೆಲಸ ನೋಡಿ ಹೇಳಿದ ಮಾತು ಅಷ್ಟೆ.

ನಾನು ಬರೆಯುತ್ತೇನೆ, ನೀವು ಹೇಳಿ ಎಂದು ಅತ್ತಿಗೆ ಮುಂದೆ ಬಂದಳು. ಅಂಗಡಿಯಿಂದ ಬಂದು, ಮುಖ ತೊಳೆದು, ಮೇಜಿನ ಮುಂದೆ ಕೂರುತ್ತಿದ್ದಳು. ಅವಳಿಗೆ ಆ ಭಾಷೆಯ ಒಂದಕ್ಷರವೂ ಗೊತ್ತಿಲ್ಲ. ಅದು ಬಲದಿಂದ ಎಡಕ್ಕೆ ಬರೆಯುವ ಭಾಷೆ ಬೇರೆ. ಹಗಲಿಡೀ ಗಾಜು ನೋಡಿ ದಣಿದ ಕಣ್ಣಿಗೆ ಚುಕ್ಕೆಗಳೆಲ್ಲ ಒಂದೇ ತರ ಕಾಣುತ್ತಿದ್ದವು. ಅಣ್ಣನ ತಲೆಯಲ್ಲಿ ಮಾತು ಓಡುವ ವೇಗವೇ ಬೇರೆ, ಅವಳ ಬೆರಳು ತಡಕುವ ವೇಗವೇ ಬೇರೆ. ಒಂದು ಸಂಜೆ ಅವನು ತಾಳ್ಮೆ ಕಳೆದುಕೊಂಡು, ಇಷ್ಟು ಸಣ್ಣದು ಕಾಣಿಸದೇನೇ ಎಂದುಬಿಟ್ಟ. ಅವಳು ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಳು, ತೊಳೆದಿದ್ದನ್ನೇ ಮತ್ತೆ ತೊಳೆದಳು. ಮರುದಿನ ಅಣ್ಣ ಕೆಲಸ ಕೊಟ್ಟವರಿಗೆ ಫೋನ್ ಮಾಡಿ, ಸಿನಿಮಾವನ್ನು ಬೇರೆಯವರಿಗೆ ಕೊಡಿ ಎಂದ. ಆಮೇಲೆ ಇನ್ನಾವುದನ್ನೂ ಒಪ್ಪಿಕೊಳ್ಳಲಿಲ್ಲ.

ಜೋಕು ಕಡಿಮೆಯಾದವು. ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಬೀದಿ ನೋಡುತ್ತಿದ್ದ. ಕೀಲಿಯಮ್ಮ ದಿನವೂ ಹೋಗುತ್ತಿದ್ದಳು. ಗುಂಡಿ ಬಿಚ್ಚುವ ಕೆಲಸ, ಅನ್ನ ಕಲಸಿ ಕೊಡುವ ಕೆಲಸ ಇತ್ತು. ಅವನ್ನು ಅತ್ತಿಗೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಇವಳು ಬಂದು, ಕೂತು, ಎದ್ದು ಹೋಗುವುದು ಅಷ್ಟೆ. ಹಡಗಿನಿಂದ ಗಂಡ ಮಾತಾಡಿದಾಗ, ಏನೂ ಮಾಡೋಕಾಗ್ತಿಲ್ಲ ರೀ ಎಂದು ಒಮ್ಮೆ ಹೇಳಿದಳು. ಅವನು ಆ ಕಡೆಯಿಂದ ಏನೋ ಹೇಳಿದ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ, ಮತ್ತೆ ಕೇಳುವ ಮನಸ್ಸೂ ಆಗಲಿಲ್ಲ.

ಕೀಲಿ ಬದಲಿಸುವ ಚೌಕ ಮರಳಿ ಬಂತು. ಅವಳ ವಾದದಿಂದಲ್ಲ. ಎಲ್ಲೋ ಒಂದು ದೊಡ್ಡ ಸಂಸ್ಥೆ ಸಾಫ್ಟ್‌ವೇರ್ ಕೊಳ್ಳಲು ಬಂದು, ತಮ್ಮಲ್ಲಿ ನಾಲ್ಕು ತರದ ಕೀಬೋರ್ಡುಗಳಿವೆ, ಬದಲಿಸಲು ಬಾರದಿದ್ದರೆ ಬೇಡ ಎಂದಿತಂತೆ. ಬೆಳಿಗ್ಗೆ ಮಾತು ಬಂತು, ಸಂಜೆಗೆ ತೀರ್ಮಾನವಾಯಿತು. ಪಾಳಿ ಮುಗಿದ ಮೇಲೆ ತಾನಾಗಿ ಮೊದಲಿನಂತಾಗುವ ಏರ್ಪಾಡನ್ನೂ, ಒಬ್ಬೊಬ್ಬರ ಹೆಸರಿಗೂ ಬೇರೆ ಬೇರೆ ಇಡುವುದನ್ನೂ ಮಾಡಿ ಎಂದು ಮ್ಯಾನೇಜರ್ ತಾನೇ ಹೇಳಿದ. ಅವಳು ಹಿಂದೆ ಹೇಳಿದ್ದೂ ಇದನ್ನೇ ಎಂದು ಅವನಿಗೆ ನೆನಪಿತ್ತೋ ಇಲ್ಲವೋ, ಅವಳು ಕೆದಕಲಿಲ್ಲ. ಒಂದೇ ಹೆಬ್ಬೆರಳಿನಿಂದ ಎಲ್ಲವನ್ನೂ ನಡೆಸುವ ಒಂದು ಬಗೆಯನ್ನೂ ಅದರೊಳಗೆ ಸೇರಿಸಿದಳು. ಯಾರೂ ಬೇಡವೆನ್ನಲಿಲ್ಲ. ಯಾರೂ ಗಮನಿಸಲೂ ಇಲ್ಲ.

ಅದನ್ನು ಅಣ್ಣನ ಯಂತ್ರಕ್ಕೆ ಹಾಕಿ, ಅವನ ಕುರ್ಚಿಯನ್ನು ಮೇಜಿನ ಹತ್ತಿರ ತಂದಳು. ಅತ್ತಿಗೆ ಅವನ ಎಡಗೈ ಎತ್ತಿ ಕೀಬೋರ್ಡಿನ ಮೇಲಿಟ್ಟಳು. ಹೆಬ್ಬೆರಳು ಸ್ಪೇಸ್ ಕೀಲಿಯ ಮೇಲೆ ಮಲಗಿತು. ಅವನ ಕತ್ತಿನ ನರ ಬಿಗಿಯಿತು. ಕೀಲಿ ಇಳಿಯಲಿಲ್ಲ. ಇನ್ನೊಮ್ಮೆ ಒತ್ತಲು ನೋಡಿದ. ಆಮೇಲೆ ಕೈ ತೆಗೆ ಎಂದು ಹೆಂಡತಿಗೆ ಕಣ್ಣಿನಲ್ಲೇ ಹೇಳಿದ. ಪರವಾಗಿಲ್ಲ, ಚೆನ್ನಾಗಿ ಮಾಡಿದ್ದೀಯ, ಯಾರಿಗಾದರೂ ಆಗುತ್ತದೆ ಎಂದು ತಂಗಿಯನ್ನು ಅವನೇ ಸಮಾಧಾನ ಮಾಡಿದ.

ಅವಳು ಎದ್ದು ಹೊರಡುವ ಹೊತ್ತಿಗೆ ಅವನೇ ಕರೆದ.

"ಆ ದೋಣಿಯವನ ಸಿನಿಮಾ ಬಂದಿದೆ. ನಿಮ್ಮತ್ತಿಗೆ ಹಾಕಿ ತೋರಿಸಿದ್ಲು. ಬೇರೆಯವರು ಬರೆದಿರೋದು ಚೆನ್ನಾಗೇ ಇದೆ. ಕೊನೆಯಲ್ಲಿ ಮುದುಕ ಮಗಳಿಗೆ ಹೇಳೋ ಒಂದು ಮಾತು ಮಾತ್ರ ಕೆಟ್ಟಿದೆ. ಕೂತ್ಕೊ, ಅದೊಂದು ಬರೆಯೋಣ."

"ಅದು ಆಗಲೇ ಬಂದಾಯ್ತಲ್ಲ ಅಣ್ಣ. ಇನ್ನು ಯಾರಿಗೆ?"

"ಯಾರಿಗೂ ಅಲ್ಲ. ತಲೆಯಲ್ಲಿ ಕೂತಿದೆ, ಹೊರಗೆ ಹಾಕ್ಬೇಕು."

ಅವಳು ಕೂತಳು. ಅವನು ಅಕ್ಷರದ ಹೆಸರು ಹೇಳಲಿಲ್ಲ, ಹೇಳಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಆ ಭಾಷೆಯ ಕೀಲಿಗಳೆಲ್ಲ ಅವನಿಗೆ ಬಾಯಿಪಾಠ. ಮೇಲಿನ ಸಾಲು, ಎಡದಿಂದ ನಾಲ್ಕನೆಯದು. ಶಿಫ್ಟ್ ಹಿಡಿದು ನಡುವಿನ ಸಾಲಿನ ಕೊನೆಯದು. ಹೀಗೆ ಜಾಗ ಹೇಳುತ್ತ ಹೋದ, ಅವಳು ಒತ್ತುತ್ತ ಹೋದಳು. ಅರ್ಥವಾಗದ ಸಾಲೊಂದು ಪರದೆಯ ಮೇಲೆ ಬಲದಿಂದ ಎಡಕ್ಕೆ ಬೆಳೆಯಿತು. ಅತ್ತಿಗೆ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಮುಗಿದ ಮೇಲೆ ಅಣ್ಣ ತಲೆ ಮುಂದೆ ಚಾಚಿ ಓದಿದ.

"ಒಂದು ಅಕ್ಷರ ತಪ್ಪಿದೆ."

"ಎಲ್ಲಿ?"

ಅವನಿಗೆ ಬೆರಳು ಮಾಡಿ ತೋರಿಸಲು ಬರುವಂತಿರಲಿಲ್ಲ. ನಡುವಿನ ಪದ ಎಂದ. ಅವಳಿಗೆ ಪದ ಎಲ್ಲಿ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ ಎಂದೇ ಹೊಳೆಯಲಿಲ್ಲ. ಬಾಣದ ಕೀಲಿ ಒತ್ತಿದಳು, ಪರದೆಯ ಮೇಲೆ ಮಿಟುಕುವ ಗೆರೆ ಅವಳೆಣಿಸಿದ ಕಡೆಗೆ ಹೋಗದೆ ಇನ್ನೊಂದು ಕಡೆ ಸರಿಯಿತು. ಇದಾ ಎಂದು ಕೇಳಿದಳು. ಅಲ್ಲ ಎಂದ. ಇನ್ನೊಂದು ಸಲ ಒತ್ತಿ, ಇದಾ ಎಂದಳು. ಅದೂ ಅಲ್ಲ. ಅತ್ತಿಗೆ ಹತ್ತಿರ ಬಂದು, ಅಂಗಡಿಯಲ್ಲಿ ಗಾಜು ನೋಡುವ ಹಾಗೆ ಬಗ್ಗಿ ಪರದೆಗೆ ಕಣ್ಣು ಹಚ್ಚಿದಳು, ಅವಳಿಗೂ ಗೊತ್ತಾಗಲಿಲ್ಲ. ಅಣ್ಣ ಬೇಸರಪಡಲಿಲ್ಲ. ನಿಧಾನಕ್ಕೆ ನೋಡು, ಇನ್ನೂ ಆ ಕಡೆ ಎನ್ನುತ್ತಿದ್ದ. ಆ ಕಡೆ ಎಂದರೆ ಯಾವ ಕಡೆ ಎಂದು ತಿಳಿಯದೆ ಕೀಲಿಯಮ್ಮ ಒಂದೊಂದೇ ಅಕ್ಷರ ದಾಟುತ್ತ ಹೋದಳು.